ತಂಬಿಗೆಯೊಳಗಿನ ಕತ್ತಿಯವಳು

ಬುಧವಾರ ಮಧ್ಯಾಹ್ನ ಊಟ ಮುಗಿದು, ಪಾತ್ರೆ ತೊಳೆದು, ಗಂಡಸರೆಲ್ಲ ಒಂದು ನಿದ್ದೆಗೆ ಅಡ್ಡಾದ ಮೇಲೆ ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸುತ್ತೇವೆ. ನವಲಗುಂದದ ಜಮಖಾನೆ, ನಡುವೆ ಪಗಡೆಯ ಮನೆಗಳನ್ನು ನೇಯ್ದದ್ದು. ನಮ್ಮೂರಲ್ಲಿ ಇದಕ್ಕೆ ಪಗಡಿ ಹಾಸು ಅನ್ನುತ್ತಾರೆ. ಅದರ ಮೇಲೆ ಕೂತು ನಾವು ಆಡುವುದು ಮಾತ್ರ ಪಗಡೆಯಲ್ಲ. ರೋಲ್ ಪ್ಲೇಯಿಂಗ್ ಗೇಮ್ ಎಂದು ಅದರ ಹೆಸರು. ಒಬ್ಬರು ಕಥೆ ನಡೆಸಬೇಕು. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಹೊಕ್ಕು ತಾವೇನು ಮಾಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವಳು ನಾನು. ಗೇಮ್ ಮಾಸ್ಟರ್. ಈ ವಯಸ್ಸಿನಲ್ಲಿ ಸಿಕ್ಕ ಈ ಪದವಿಯನ್ನು ನಾನು ಬಿಡುವವಳಲ್ಲ.

ಆಟದ ಪುಸ್ತಕ ಬೆಳಗಾವಿಯಲ್ಲಿ ಓದುವ ಮೊಮ್ಮಗಳದು. ರಜೆಗೆ ಬಂದವಳು ಮರೆತು ಹೋದಳು. ದಪ್ಪ ರಟ್ಟು, ನುಣುಪು ಹಾಳೆ, ಹಿಮ ಬಿದ್ದ ಕೋಟೆಗಳು, ಬಾಲದ ಹುಡುಗಿಯರು. ಒಂದು ಮಳೆಗಾಲವಿಡೀ ಓದಿದೆ. ಓದುತ್ತ ಧಾರವಾಡದ ನಮ್ಮ ಕಾನ್ವೆಂಟ್ ನೆನಪಾಯಿತು. ಅಲ್ಲಿ ಪ್ರತಿ ಕ್ರಿಸ್‌ಮಸ್ಸಿಗೆ ಒಂದು ನಾಟಕ. ನನಗೆ ಪ್ರತಿಸಲವೂ ನರೇಟರ್ ಪಾತ್ರ. 'ಯೂ ಹ್ಯಾವ್ ದ ವಾಯ್ಸ್, ಮೈ ಚೈಲ್ಡ್' ಎಂದು ಸಿಸ್ಟರ್ ಬೆನ್ನು ತಟ್ಟುತ್ತಿದ್ದರು. ರಟ್ಟಿನ ರೆಕ್ಕೆ ಕಟ್ಟಿಕೊಂಡು ಸ್ಟೇಜಿನ ನಡುವೆ ನಿಲ್ಲುತ್ತಿದ್ದವರು ಬೇರೆಯವರು. ನಾನು ಪರದೆಯ ಬಾಜು ನಿಂತು, ಈಗ ಏಂಜೆಲ್ ಬಂತು, ಈಗ ರಾಜರು ಬಂದರು ಎಂದು ಹೇಳುವವಳು. ಆಗ ಸಣ್ಣ ಮುಖ ಮಾಡಿಕೊಳ್ಳುತ್ತಿದ್ದೆ. ಈಗನಿಸುತ್ತದೆ, ನಾನು ಹೇಳದಿದ್ದರೆ ಯಾವ ಏಂಜೆಲ್ಲೂ ಬರುತ್ತಿರಲಿಲ್ಲ.

ಹಿಮವನ್ನು ಮೊದಲ ದಿನವೇ ತೆಗೆದುಹಾಕಿದೆ. ನಮ್ಮ ಆಟದ ನಾಡು ಎರೆಭೂಮಿ, ಮಳೆ ಬಿದ್ದರೆ ಕಾಲಿಗೆ ಮೆತ್ತುವ ಕಪ್ಪು ಮಣ್ಣು. ಪುಸ್ತಕದಲ್ಲಿ ಡಂಜನ್ ಎಂದು ಇದ್ದಲ್ಲೆಲ್ಲ ಹಗೇವು ಎಂದು ಮಾಡಿಕೊಂಡೆ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜಗಳು ಅವು. ಹಗೇವಿನೊಳಗೆ ಇಳಿಯುವ ಭಯ ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕದ ಜೊತೆಗಿದ್ದ ಹಲವು ಮುಖದ ದಾಳಗಳು ಮಂಚದ ಕೆಳಗೆ ಉರುಳಿ ಹೋಗುತ್ತಿದ್ದವು, ಅವುಗಳ ಅಂಕಿ ಕಾಣುವಷ್ಟು ಕಣ್ಣು ಯಾರಿಗೂ ಇರಲಿಲ್ಲ. ಹೀಗಾಗಿ ಕವಡೆ ತಂದೆವು.

ಆಡುವವರು ಮೂವರು. ಒಬ್ಬಳು ನನ್ನ ನಾದಿನಿ, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು, ಮದುವೆಯಾಗದೆ ನಮ್ಮ ಜೊತೆಗೇ ಇರುವವಳು. ಆಟದಲ್ಲಿ ಅವಳು ಮಂತ್ರಗಾತಿ. ಯಾವ ಊರಿಗೆ ಹೋದರೂ ಮೊದಲು 'ಇಲ್ಲಿ ತಿನ್ಲಿಕ್ಕೆ ಏನ್ ಸಿಗತದ?' ಎಂದು ಕೇಳುತ್ತಾಳೆ. ಎರಡನೆಯವರು ಗೌಡಸಾನಿ. ನಮ್ಮ ಓಣಿಯ ತುದಿಯ ದೊಡ್ಡ ಮನೆ, ತಿರ್ಲಾಪುರದ ಕಡೆ ಹತ್ತಿ ಹೊಲ, ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ, ಮಾತಿನಲ್ಲಿ ಗುಂಟೂರು ಮೆಣಸಿನಕಾಯಿ. ಅವರು ಕತ್ತಿಯವಳು. ಮೂರನೆಯವರು ಜಮಖಾನೆ ನೇಯುವ ಆಪಾ. ಎಲ್ಲರಿಗೂ ಅವರು ಆಪಾ, ಅಕ್ಕ. ನಾವು ಕೂರುವ ಪಗಡಿ ಹಾಸು ಅವರದೇ ಕೈಯದು. ಬುಧವಾರ ಸುತ್ತಿಕೊಂಡು ತರುತ್ತಾರೆ, ಆಟ ಮುಗಿದ ಮೇಲೆ ಸುತ್ತಿಕೊಂಡು ಒಯ್ಯುತ್ತಾರೆ. ಅದರ ಮೇಲೆ ಚುರಮುರಿಯ ಒಂದು ಕಾಳು ಬಿದ್ದರೂ ಎತ್ತಿ ಹೊರಗೆ ಹಾಕುತ್ತಾರೆ. ಆಟದಲ್ಲಿ ಅವರು ವೈದ್ಯಳು. ಮಾತು ಕಡಿಮೆ.

ಕತ್ತಿಯವಳು ಸತ್ತದ್ದು ಒಂದು ಉಪ್ಪುನೀರಿನ ಬಾವಿಯಲ್ಲಿ. ಮೆಟ್ಟಿಲಿಳಿದು ಸರ್ಪದ ಜೊತೆ ಕಾದಾಡುತ್ತಿದ್ದಳು. ಗೌಡಸಾನಿ ಕವಡೆ ಚೆಲ್ಲಿದರು. ಎಲ್ಲ ಬೋರಲು ಬಿದ್ದವು.

"ಜಮಖಾನಿ ಎಳಿಗೆ ಹತ್ತಿ ಹೊಳ್ಳ್ಯಾವು. ಮತ್ತೊಮ್ಮೆ ಚೆಲ್ತೇನಿ," ಎಂದರು ಗೌಡಸಾನಿ.

"ನನ್ನ ಜಮಖಾನಿಗೆ ಎಳಿ ಎದ್ದಿಲ್ರಿ," ಎಂದರು ಆಪಾ.

"ಫೇರ್ ಪ್ಲೇ, ಗೌಡಸಾನೇರ," ಎಂದೆ ನಾನು. "ಕತ್ತಿಯವಳು ಬಾವಿಗೆ ಬಿದ್ದಳು. ಎತ್ತುವಷ್ಟರಲ್ಲಿ ಉಸಿರು ಹೋಗಿತ್ತು."

ಆಮೇಲೆ ನಾದಿನಿ ಮೆಲ್ಲಗೆ, "ವೈನಿ, ಈಗ ಸುಡೋದಲ್ಲ?" ಎಂದಳು.

"ಸುಡಾಕ ನಾ ಏನ್ ನಿಮ್ಮ ಮಂದ್ಯಾಕಿ ಏನಬೇ?" ಗೌಡಸಾನಿ ಎದ್ದೇ ಕೂತರು. "ನಮ್ಮ ಮಂದಿನ್ನ ಕುಂಡ್ರಿಸಿ ಇಡ್ತಾರ. ಪದ್ಮಾಸನ ಹಾಕ್ರಿ. ಹಣಿತುಂಬ ವಿಭೂತಿ. ಲಿಂಗ ಎಡಗೈಯಾಗ. ಪತ್ರಿ ಎಲ್ಲಿಂದರೆ ತರ್ರಿ, ಕಂಜೂಸತನ ಮಾಡಬ್ಯಾಡ್ರಿ."

ತಮ್ಮ ಪಾತ್ರದ ಮಣ್ಣನ್ನು ತಾವೇ ಮುಂದೆ ನಿಂತು ಮಾಡಿಸಿದರು. ಕುಣಿ ಎಷ್ಟು ಅಗಲ, ಮುಖ ಯಾವ ಕಡೆ, ಎಲ್ಲವೂ ಅವರ ಅಪ್ಪಣೆ. ಮಂತ್ರಗಾತಿ ಪತ್ರಿ ಹುಡುಕಲು ಕವಡೆ ಚೆಲ್ಲಿದಳು, ಸಿಕ್ಕಿತು. ಕೊನೆಗೆ ಮಣ್ಣು ಮುಚ್ಚುವ ಹೊತ್ತು. "ವೈದ್ಯಳು ಏನು ಮಾಡುತ್ತಾಳೆ?" ಎಂದು ಕೇಳಿದೆ.

ಆಪಾ ಎದ್ದು ಅಂಗಳಕ್ಕೆ ಹೋದರು. ಕನಕಾಂಬರದ ಕುಂಡದಿಂದ ಮುಷ್ಟಿ ತುಂಬ ಮಣ್ಣು ತಂದರು. ಚುರಮುರಿಯ ಕಾಳನ್ನೂ ಬಿಡದವರು ಆ ಕರಿ ಮಣ್ಣನ್ನು ತಮ್ಮದೇ ಹಾಸಿನ ನಡುಮನೆಯಲ್ಲಿ ಸುರಿದರು. ಮತ್ತೆ ಹೋದರು, ಮತ್ತೆ ತಂದರು. ಮೂರು ಸಲ. ನಾವು ಯಾರೂ ನಗಲಿಲ್ಲ. ಯಾಕೆ ನಗಲಿಲ್ಲವೋ ಆಗ ಗೊತ್ತಿರಲಿಲ್ಲ.

ರಾತ್ರಿ ಫೋನಿನಲ್ಲಿ ಮೊಮ್ಮಗಳಿಗೆ ಹೇಳಿದರೆ ಅವಳಿಗೆ ನಗೆ ತಡೆಯದು. "ಅಜ್ಜಿ, ನಮ್ಮ ಗ್ರೂಪಿನ್ಯಾಗ ಯಾರರೆ ಸತ್ತರ ಮೊದಲ ಕಿಸೆ ತಡಕತೇವಿ. ನೀವು ಫ್ಯೂನರಲ್ ಮಾಡಿದ್ರಾ? ಲಿಂಗಾ ಸೈತ ಇಟ್ಟು?"

"ಮತ್ತ? ಹಂಗ ಬಿಟ್ಟು ಬರ್ಲಿಕ್ಕೆ ಆಗತದೇನ?" ಎಂದೆ.

ಮುಂದಿನ ಬುಧವಾರ ಗೌಡಸಾನಿಗೆ ಹೊಸ ಪಾತ್ರ ಮಾಡಿಕೊಳ್ಳಲು ಹೇಳಿದೆ. ಬಿಲ್ಲಿನವಳು ಇದ್ದಾಳೆ, ಕಳ್ಳಿ ಇದ್ದಾಳೆ, ಯಾರು ಬೇಕಾದರೂ ಆಗಬಹುದು. ಅವರು ಪುಸ್ತಕವನ್ನು ಎಳೆದುಕೊಂಡು ಹಾಳೆ ತಿರುವಿ ಒಂದು ಚಿತ್ರದ ಮೇಲೆ ಬೆರಳಿಟ್ಟರು. ಕಿರೀಟ ಹಾಕಿಕೊಂಡ ಎಲುಬಿನ ರಾಣಿ.

"ಇಕಿ ಯಾರ್ರೀ? ಹಲ್ಲು ಕಿಸಕೊಂಡು ಕುಂತಾಳ."

"ಅನ್‌ಡೆಡ್," ಎಂದೆ. "ಸತ್ತಿದ್ದಾಳೆ, ಆದರೆ ಹೋಗಿಲ್ಲ. ಹಸಿವಿಲ್ಲ, ನಿದ್ದೆಯಿಲ್ಲ, ನೋವಿಲ್ಲ. ಪ್ರಾಣವನ್ನು ಬೇರೆ ಕಡೆ ಬಚ್ಚಿಟ್ಟಿದ್ದಾಳೆ."

"ಏಳು ಸಮುದ್ರದಾಚಿ ಗಿಳಿಯೊಳಗ ಇಟ್ಟಂಗ?"

"ಹೌದ್ರಿ, ಹಂಗ."

"ಮಣಕಾಲು ನೋಯೂದಿಲ್ಲ?"

"ಇಲ್ಲ."

"ಸಕ್ಕರಿ ಗುಳಗಿ?"

"ಎಲುಬಿಗೆ ಯಾವ ಸಕ್ಕರಿ ರೋಗಾರೀ?"

"ಹಂಗಾರ ನನಗ ಇದ ಬೇಕು. ಹೊಸಾಕಿ ಯಾರೂ ಬ್ಯಾಡ. ನನ್ನ ಕತ್ತಿಯಾಕಿನ್ನ ಎಬ್ಬಿಸ್ರಿ. ಹಿಂಗ ಕುಣಿಯಿಂದ ಎದ್ದು ಬರ್ಲಿ."

"ಎಬ್ಬಿಸಬ್ಯಾಡ್ರಿ," ಎಂದರು ಆಪಾ.

ಅವರ ದನಿ ಅಷ್ಟು ಗಟ್ಟಿಯಾಗಿ ನಾನು ಎಂದೂ ಕೇಳಿರಲಿಲ್ಲ.

"ಆಟಾ ಐತಿ ಆಪಾ," ಎಂದರು ಗೌಡಸಾನಿ. "ನಿನಗೇನಾತು? ಕುಣಿ ನಂದು, ಎಲುಬು ನಂದು."

"ಮಣ್ಣು ನಂದು. ನಾ ಕೊಟ್ಟೇನಿ. ಕೊಟ್ಟ ಮಣ್ಣು ಕೆದರಬಾರದು. ಅಕಿ ಎದ್ದು ಬಂದ್ರ ನಾ ಬರೂದಿಲ್ಲ."

"ಎಬ್ಬಿಸಲಿಲ್ಲ ಅಂದ್ರ ನಾ ಬರೂದಿಲ್ಲ!"

ಆಪಾ ಎದ್ದು ನಿಂತು ಜಮಖಾನೆಯ ಅಂಚು ಹಿಡಿದರು. "ಏಳ್ರಿ."

ನಾವು ಮೂವರೂ ಇನ್ನೂ ಅದರ ಮೇಲೇ ಇದ್ದೆವು. ಅವರು ಸುತ್ತುತ್ತ ಬಂದಂತೆ ನಾವು ಹಿಂದೆ ಸರಿದೆವು. ಗೌಡಸಾನಿ ಮಣಕಾಲು ಹಿಡಿದು, ಗೋಡೆ ಹಿಡಿದು ಎದ್ದರು. ಕವಡೆಗಳು ಬರಿ ನೆಲದ ಮೇಲೆ ಉಳಿದವು. ಜಮಖಾನೆ ಕಂಕುಳಲ್ಲಿ ಇಟ್ಟುಕೊಂಡು ಆಪಾ ಮೆಟ್ಟಿಲಿಳಿದು ಹೋದರು. ಗೌಡಸಾನಿ ಇನ್ನೊಂದು ದಿಕ್ಕಿಗೆ.

"ವೈನಿ, ಮಿರ್ಚಿಗೆ ಹಿಟ್ಟು ಕಲಸೀನಿ," ಎಂದಳು ನಾದಿನಿ. "ಇಬ್ಬರಿಗೆ ಹೆಚ್ಚಾಗತದ."

ಹೆಚ್ಚಾಯಿತು. ತಿಂದೆವು.

ಇಂಥ ಹೊತ್ತಿನಲ್ಲಿ ಪುಸ್ತಕ ತೆರೆದರೆ ಕೆಲಸವಿಲ್ಲ. ಅದರಲ್ಲಿ ಅನ್‌ಡೆಡ್ ಆದವರಿಗೆ ಬಲ ಎಷ್ಟು, ಬೆಂಕಿಗೆ ಹೆದರುತ್ತಾರೋ ಇಲ್ಲವೋ ಎಲ್ಲ ಇದೆ. ಜಮಖಾನೆ ಸುತ್ತಿಕೊಂಡು ಹೋದವರನ್ನು ಕರೆತರುವುದು ಹೇಗೆಂದು ಇಲ್ಲ. ಮೇಲಾಗಿ ನನ್ನ ನಾಡಿಗೆ ನಾನೇ ಹಾಕಿದ ಕಾಯಿದೆ ಒಂದಿತ್ತು. ಆಟ ಶುರುವಾದ ಹೊಸದರಲ್ಲಿ ಒಂದು ಹಗೇವಿನೊಳಗೆ ಎಲುಬುಗಳು ಗಡಗಡ ಸದ್ದು ಮಾಡುತ್ತಿದ್ದವು. ಈ ಮೂವರು ಅವನ್ನು ಒಡೆಯಲಿಲ್ಲ. ಮೇಲೆ ತಂದು ಮಣ್ಣು ಮಾಡಿದರು. ಸದ್ದು ನಿಂತಿತು. ಅಂದೇ ಹೇಳಿದ್ದೆ, ಸರಿಯಾಗಿ ಮಣ್ಣಾದವರು ಈ ನಾಡಿನಲ್ಲಿ ಏಳುವುದಿಲ್ಲ ಎಂದು. ಕತ್ತಿಯವಳಷ್ಟು ಸರಿಯಾಗಿ ಮಣ್ಣಾದವರು ಇನ್ನಾರಿದ್ದಾರೆ? ಗೌಡಸಾನಿ ತಮ್ಮ ಬಾಗಿಲಿಗೆ ತಾವೇ ಕೀಲಿ ಹಾಕಿಕೊಂಡಿದ್ದರು, ಅದೂ ಪತ್ರಿ ವಿಭೂತಿ ಸಮೇತ. ಇಲ್ಲ ಎಂದುಬಿಟ್ಟರೆ ನ್ಯಾಯವೇ ಆಗುತ್ತಿತ್ತು. ನ್ಯಾಯ ಹೇಳಿದ ಮೇಲೆ ಪಡಸಾಲೆಯಲ್ಲಿ ನಾನು, ನಾದಿನಿ, ಮಿರ್ಚಿ.

ಮರುದಿನ ಆಪಾನ ಮನೆಗೆ ಹೋದೆ. ನೇಯುತ್ತಿದ್ದರು. ನೆಟ್ಟಗೆ ನಿಂತ ಮಗ್ಗ, ಅದರ ಮುಂದೆ ಹಲಗೆಯ ಮೇಲೆ ಅವರು. ಹಾಕಿದ ನೂಲನ್ನು ಪಂಜಾದಿಂದ ಕುಟ್ಟಿ ಕೂರಿಸುತ್ತಿದ್ದರು. ಪಂಜಾ ಅಂದರೆ ಹಲ್ಲುಳ್ಳ ಕಬ್ಬಿಣದ ಬಾಚಣಿಗೆ. ನನ್ನನ್ನು ಕಂಡು ಬಾಜು ಸರಿದು ಹಲಗೆಯ ಮೇಲೇ ಜಾಗ ಕೊಟ್ಟರು. ನಾನು ಏನೂ ಕೇಳಲಿಲ್ಲ. ಸಿಸ್ಟರ್ ಒಬ್ಬರು ಹೇಳಿಕೊಟ್ಟ ಪಾಠ ಅದು, ಅತ್ತು ಬಂದ ಹುಡುಗಿಯ ಬಾಜು ಸುಮ್ಮನೆ ಕೂತುಬಿಡಬೇಕು.

"ಹ್ವಾದ ವರ್ಷ ಇವರು ಹ್ವಾದ್ರಲ್ರಿ ಬಾಯಾರ," ಎಂದರು ಆಪಾ, ಮಗ್ಗದ ಕಡೆಗೇ ನೋಡುತ್ತ. ಬಾಯಾರು ನಾನು, ಇವರು ಅಂದರೆ ಅವರ ಯಜಮಾನರು. "ನಮ್ಮಲ್ಲೆ ಹೆಣ್ಮಕ್ಕಳು ಕಬರಸ್ತಾನಕ್ಕ ಹೋಗೂದಿಲ್ಲ. ಹೊಸ್ತಿಲತನಾ ಅಷ್ಟ. ಪದ್ಧತಿ. ಅದಕ್ಕ ನಾ ಏನೂ ಅನ್ನೂದಿಲ್ಲ."

ಪಂಜಾ ಎರಡು ಸಲ ಬಿತ್ತು.

"ಎಲ್ಲಾರೂ ಮೂರು ಮುಷ್ಟಿ ಮಣ್ಣು ಕೊಡ್ತಾರ. ಅಂಗಡ್ಯಾವ್ರು ಕೊಟ್ರಂತ. ಬಸ್ಸಿನ ಕಂಡಕ್ಟರ್ ಒಬ್ಬಾಂವ ಹಾದಿಮ್ಯಾಲೆ ಹೊಂಟಾಂವ ಬಂದು ಕೊಟ್ಟನಂತ. ಭಾಳ ಮಂದಿ ಇದ್ರು ಅಂತ ಬಂದು ಹೇಳಿದ್ರು. ನಾ ಅವರಿಗೆ ಆಯುಷ್ಯ ಪೂರ್ತಿ ರೊಟ್ಟಿ ಬಡದು ಕೊಟ್ಟಾಕಿ. ಒಂದ್ ಮುಷ್ಟಿ ಮಣ್ಣು ಕೊಡ್ಲಿಲ್ಲ."

ಹೊರಗೆ ಯಾರೋ ಹಾಲಿನ ಕ್ಯಾನು ಇಳಿಸುತ್ತಿದ್ದರು.

"ಅವತ್ತ ನಿಮ್ಮ ಪಡಸಾಲ್ಯಾಗ ಕೊಟ್ಟೆ. ಗೌಡಸಾನೇರ ಕತ್ತಿಯಾಕಿಗೆ. ನಗ್ತೀರೇನೋ ಅಂದ್ಕೊಂಡಿದ್ದೆ, ನಗಲಿಲ್ಲ. ಅದೊಂದ ನೋಡ್ರಿ ನಾ ಜಲ್ಮದಾಗ ಕೊಟ್ಟ ಮಣ್ಣು. ಅದನ್ನ ಕೆದರಿ ಎಲುಬು ಹೊರಗ ಬರೂದು ಅಂದ್ರ..." ಮುಂದೆ ಹೇಳಲಿಲ್ಲ. "ಗೌಡಸಾನೇರ ಮುಂದ ಇದನ್ನ ಹೇಳಬ್ಯಾಡ್ರಿ. ಪಾಪ ಅಂತ ಸುಮ್ಮನಾಗೂದು ನನಗ ಬ್ಯಾಡ."

"ಹೇಳೂದಿಲ್ಲ," ಎಂದೆ. "ಆ ಕುಣಿ ತೆಗೆಯೂದೂ ಇಲ್ಲ. ದಟ್ ಈಸ್ ಮೈ ವರ್ಡ್."

ಅಲ್ಲಿಂದ ನೇರ ಗೌಡಸಾನಿಯ ಮನೆಗೆ. ಅವರು ಅಟ್ಟದ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನನ್ನ ಕಡೆ ನೋಡದೆ ಒಂದು ಮಣೆ ತಳ್ಳಿದರು.

"ಕಾಲು ಹಿಡ್ಯಾಕ ಬಂದ್ರೇನ್ರಿ ಬಾಯಾರ?"

"ಇಲ್ಲ. ಒಂದು ಮಾತು ಕೇಳ್ಲಿಕ್ಕೆ ಬಂದೆ. ಮಣಕಾಲಿನ ಮಾತು ಬ್ಯಾಡ. ಖರೇ ಹೇಳ್ರಿ, ಆ ಎಲುಬಿನ ರಾಣಿಯೊಳಗ ಏನು ಕಂಡ್ರಿ?"

"ಎಲುಬು ಯಾರಿಗೆ ಬೇಕಾಗೇತ್ರಿ?" ಬೀಜವೊಂದನ್ನು ಬುಟ್ಟಿಗೆ ಎಸೆದರು. "ನಮ್ಮೊಳಗ ಸತ್ತ ಮ್ಯಾಲೆ ತಿರುಗಿ ಬರೂ ಪದ್ಧತಿನ ಇಲ್ಲ. ಲಿಂಗದಾಗ ಕೂಡಿದ್ರು, ಮುಗೀತು. ತಿಥಿ ಇಲ್ಲ, ಕಾಗಿ ಇಲ್ಲ. ಭಾಳ ಚೊಲೋ. ಆದ್ರ ಅವತ್ತ ನನ್ನ ಮಣ್ಣು ಮಾಡಿದ್ರಿ, ನೀವು ಮೂರೂ ಮಂದಿ ಮುಂದ ಹೊಂಟ್ರಿ. ಬಾವಿ ದಾಟಿ, ಗುಡ್ಡದ ಕಡೆ. ನಾ ಅಲ್ಲೇ ಚುರಮುರಿ ತಿನಕೋತ ಕುಂತಿದ್ದೆ, ಖರೇ. ಆದ್ರ ನೀವು ನನ್ನ ಬಗ್ಗೆ ಏನ್ ಮಾತಾಡ್ತೀರಿ ಅಂತ ಕೇಳಬೇಕಂತ ಅನ್ನಸ್ತು. ನಾ ಹ್ವಾದ ಮ್ಯಾಲೆ ಹಾದಿಮ್ಯಾಲೆ ಏನ್ ಮಾತಾಡ್ತೀರಿ? ಬೈತೀರೋ, ನೆನಸ್ತೀರೋ? ಹೊಸಾಕಿ ಆದ್ರ ಅಕಿಗೆ ನನ್ನ ಸುದ್ದಿ ಹೆಂಗ ಗೊತ್ತಾಗ್ತೇತಿ? ಅಕಿ ಮುಂದ ನೀವು ಬಾಯಿ ಬಿಡೂದಿಲ್ಲ."

ಕಣ್ಣು ಮಾತ್ರ ಹುಣಸೆಹಣ್ಣಿನ ಮೇಲೆ.

ನನಗೆ ಅಲ್ಲೇ, ಆ ಮಣೆಯ ಮೇಲೇ ಗೊತ್ತಾಯಿತು. ಗೌಡಸಾನಿಗೆ ಬೇಕಾದದ್ದು ಎಲುಬಲ್ಲ, ಕಿವಿ. ಹೆಚ್ಚೆಂದರೆ ಒಂದು ಬಾಯಿ, ಅವರು ಬಾಯಿ ಇಲ್ಲದೆ ಇರಲಾರರು. ಆಪಾನಿಗೆ ಬೇಕಾದದ್ದು ಕುಣಿ ಕೆದರದಿರುವುದು. ಇವೆರಡೂ ಒಂದಕ್ಕೊಂದು ಅಡ್ಡ ಬರುವುದೇ ಇಲ್ಲ. ಅವರಿಬ್ಬರೂ ಸುಮ್ಮನೆ ಒಂದೇ ಎಲುಬಿಗೆ ಜಗ್ಗಾಡುತ್ತಿದ್ದರು.

"ಬುಧವಾರ ಬರ್ರಿ," ಎಂದೆ. "ಕುಣಿಯಿಂದ ಏಳಸೂದಿಲ್ಲ. ಅದನ್ನ ಈಗ ಹೇಳಿಬಿಡ್ತೇನಿ. ಆದ್ರ ಬರ್ರಿ."

"ಮತ್ತ ಯಾಕ ಬರ್ಲಿ?"

"ನನ್ನ ಕಥಿ ಕೇಳ್ಲಿಕ್ಕೆ."

ಹೀಗೆ ಹೇಳುವಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಆಪಾನಿಗೂ ಸುದ್ದಿ ಕಳಿಸಿದೆ: ಕುಣಿ ಹಾಗೇ ಇರುತ್ತದೆ, ಬೇರೆ ಒಂದು ಸಂಗತಿ ಇದೆ, ಅದು ಆಗುವುದೂ ಬಿಡುವುದೂ ನಿಮ್ಮ ಕೈಯಲ್ಲಿ, ಬಂದು ಬೇಡ ಎಂದರೂ ಸರಿ.

ಬುಧವಾರ ಇಬ್ಬರೂ ಬಂದರು. ಜಮಖಾನೆಯೂ ಬಂತು. ಎದುರುಬದುರು ಮೂಲೆಗಳಲ್ಲಿ ಕೂತರು. ನಾದಿನಿ ನಡುವೆ ಗಿರಮಿಟ್ಟಿನ ತಾಟು ಇಟ್ಟಳು. ಯಾರೂ ಕೈ ಹಾಕಲಿಲ್ಲ. ನಾನು ನನ್ನ ಕಾನ್ವೆಂಟಿನ ದನಿ ತೆಗೆದೆ.

"ಮಂತ್ರಗಾತಿ ಮತ್ತು ವೈದ್ಯಳು ಗುಡ್ಡದ ತನಕ ಹೋಗಿ, ಹಾದಿ ತಪ್ಪಿ, ಮತ್ತೆ ಆ ಬಾವಿಯ ಹತ್ತಿರ ಬಂದಿದ್ದಾರೆ. ಕುಣಿ ಬಾವಿಯಿಂದ ದೂರ, ಬೇವಿನ ಮರದ ಕೆಳಗೆ. ಅದರ ಮೇಲೆ ಹುಲ್ಲು ಚಿಗುರಿದೆ. ಯಾರೂ ಮುಟ್ಟಿಲ್ಲ. ಕತ್ತಿಯವಳು ಅಲ್ಲಿ ಪದ್ಮಾಸನದಲ್ಲಿ ನೆಮ್ಮದಿಯಾಗಿ ಕೂತಿದ್ದಾಳೆ. ಏಳುವುದಿಲ್ಲ." ಇಷ್ಟು ಹೇಳಿ ಆಪಾನ ಕಡೆ ನೋಡಿದೆ. ಅವರು ಹೂಂ ಎಂದು ತಲೆಯಾಡಿಸಿದರು. "ಆದರೆ ಅವಳು ಬಿದ್ದದ್ದು ಬಾವಿಗೆ. ಬೀಳುವಾಗ ಒಂದು ಮಾತು ಅರ್ಧ ಆಡಿದ್ದಳು. ಮೈಯನ್ನು ಎತ್ತಿದಿರಿ. ಆ ಮಾತನ್ನು ಯಾರೂ ಎತ್ತಲಿಲ್ಲ. ವೈದ್ಯಳು ನೀರು ಸೇದಲು ಹೋಗುತ್ತಾಳೆ. ಕೊಡದೊಳಗಿಂದ ಒಂದು ದನಿ." ಗೌಡಸಾನಿಯ ಕಡೆ ಕೈ ತೋರಿಸಿದೆ. "ಏನನ್ನುತ್ತದೆ?"

ಗೌಡಸಾನಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಆಮೇಲೆ,

"ಏ ಆಪಾ! ಎಷ್ಟೊತ್ತಬೇ ಬರಾಕ? ಈ ಉಪ್ಪು ನೀರಾಗ ಕುಂತು ಕುಂತು ಉಪ್ಪಿನಕಾಯಿ ಆಗೇನಿ!"

ನಾದಿನಿ ಪಕ್ಕನೆ ನಕ್ಕಳು. ಆಪಾ ನಗಲಿಲ್ಲ. ನಾನು ಕಾಯಿದೆ ಹೇಳಿದೆ. ಈ ದನಿ ಆ ನೀರಿನಲ್ಲಷ್ಟೇ ಬದುಕುತ್ತದೆ. ಕಣ್ಣಿಲ್ಲ, ಕೈಯಿಲ್ಲ, ಕತ್ತಿ ಹಿಡಿಯಲಾಗದು. ಎಲ್ಲವನ್ನೂ ಕೇಳುತ್ತದೆ, ಮಾತಾಡುತ್ತದೆ. ನೀರು ಚೆಲ್ಲಿದಷ್ಟು ಕಡಿಮೆಯಾಗುತ್ತದೆ, ಮುಗಿದರೆ ಮುಗಿಯಿತು. ಬೇರೆ ನೀರು ಬೆರೆಸುವ ಹಾಗಿಲ್ಲ. ಅದನ್ನು ಹೊರಬಲ್ಲವಳು ಅವಳಿಗೆ ಮಣ್ಣು ಕೊಟ್ಟವಳೊಬ್ಬಳೇ, ಉಳಿದವರ ಕೈಯಲ್ಲಿ ಅದು ಬರೀ ನೀರು. ವೈದ್ಯಳು ಒಲ್ಲೆ ಎಂದರೆ ಕೊಡವನ್ನು ಬಾವಿಗೇ ಬಗ್ಗಿಸಿ ಮುಂದೆ ಹೋಗಬಹುದು.

"ಕವಡಿ ಚೆಲ್ಲಬೇಕೇನ್ರಿ?" ಎಂದು ಕೇಳಿದರು ಆಪಾ.

"ಇಲ್ಲ. ಇದಕ್ಕ ಕವಡಿ ಇಲ್ಲ. ನೀವು ಹೇಳಿದಂಗ."

"ಕುಣಿ ಹಂಗ ಇರ್ತೇತಿ?"

"ಹಂಗ ಇರ್ತದ."

"ಅಕಿ ಎದ್ದು ಬಂದಿಲ್ಲ?"

"ಬಂದಿಲ್ಲ."

ಆಪಾ ಜಮಖಾನೆಯ ನಡುಮನೆಯನ್ನು ನೋಡುತ್ತ ಕೂತರು. ಅಲ್ಲಿ ಬಿಳಿಯ ಎಳೆಯ ಮೇಲೆ ಕನಕಾಂಬರದ ಮಣ್ಣಿನ ಕಲೆ ಇನ್ನೂ ಇತ್ತು. ತೊಳೆದಿರಲಿಲ್ಲ. ಗೌಡಸಾನಿ, ಮೂರು ಹಳ್ಳಿಯ ಪಂಚಾಯ್ತಿಗೆ ಜಬರಿಸುವ ಹೆಂಗಸು, ಕೈಯೊಳಗೆ ಕೈ ಸಿಕ್ಕಿಸಿಕೊಂಡು ಒಬ್ಬಳ ಬಾಯಿ ನೋಡುತ್ತಿದ್ದರು.

"ಒಂದ್ ತಂಬಿಗಿ ತರ್ರಿ," ಎಂದರು ಆಪಾ. "ಕೊಡಾ ಹೊರೂ ವಯಸ್ಸು ನಂದಲ್ಲ."

ನಾದಿನಿ ಒಳಗೆ ಓಡಿದಳು. ಹಿತ್ತಾಳೆಯ ತಂಬಿಗೆಯಲ್ಲಿ ನೀರು ತುಂಬಿ ತಂದಳು. ಆಪಾ ತಮ್ಮ ಸೆರಗಿನ ತುದಿಯಿಂದ ತಂಬಿಗೆಯ ಬಾಯಿ ಒರೆಸಿ ಅದನ್ನು ತಮ್ಮ ತೊಡೆಯ ಬಾಜು ಇಟ್ಟುಕೊಂಡರು. ಗಿರಮಿಟ್ಟಿನ ತಾಟು ಖಾಲಿಯಾಯಿತು.

ಆಮೇಲಿನ ಬುಧವಾರಗಳನ್ನು ನೆನೆದರೆ ಈಗಲೂ ನಗೆ. ಗೌಡಸಾನಿ ತಾವೇ ಒಂದು ಪದ್ಧತಿ ಹಾಕಿಕೊಂಡರು, ಮಾತಾಡುವಾಗ ಮುಂದೆ ಬಾಗಿ ತಂಬಿಗೆಯೊಳಕ್ಕೇ ಮಾತಾಡುವುದು. ಹಿತ್ತಾಳೆ ಝಣಝಣ ಅನ್ನುತ್ತಿತ್ತು. "ತುಳಕಸಬ್ಯಾಡವಾ, ನನ್ನ ಅರ್ಧ ಮಾತು ಹಾದಿಮ್ಯಾಗ ಹೋತು!" "ಎಡಕ್ಕ ಹೊಳ್ಳಬ್ಯಾಡ್ರಿ, ಅಲ್ಲಿ ಯಾರೋ ಹಲ್ಲು ಕಡ್ಯಾಕತ್ತಾರ, ನನಗ ಕೇಳ್ತೇತಿ." ಕಣ್ಣಿಲ್ಲದವರ ಕಿವಿ ದೊಡ್ಡದು, ಎಷ್ಟೋ ಕಡೆ ಆ ಕಿವಿಯೇ ಇವರನ್ನು ಉಳಿಸಿತು. ಅವರು ಬಹಳ ಬೈದರೆ ಆಪಾ ತಂಬಿಗೆಯ ಬಾಯಿಗೆ ಅಂಗೈ ಮುಚ್ಚುತ್ತಿದ್ದರು. ಗೌಡಸಾನಿ ಕಾಯಿದೆಗೆ ಬದ್ಧರಾಗಿ ತುಟಿ ಬಿಗಿದು ಕೂರಬೇಕು. ಅವರ ಸೊಸೆ ಒಮ್ಮೆ ಬಾಗಿಲಲ್ಲಿ ನಿಂತು ಇದನ್ನು ನೋಡಿ, ಆ ತಂಬಿಗೆ ಎಲ್ಲಿ ಸಿಗುತ್ತದೆಂದು ನನ್ನನ್ನು ಮೆಲ್ಲಗೆ ಕೇಳಿದಳು.

ತಮ್ಮ ಬಗ್ಗೆ ಏನು ಮಾತಾಡುತ್ತಾರೆಂಬುದನ್ನೂ ಗೌಡಸಾನಿ ಕೇಳಿಸಿಕೊಂಡರು. ಮಂತ್ರಗಾತಿ ಒಂದು ಸಂಜೆ, ಆಟದೊಳಗೆ, "ಅಕಿ ಇದ್ದಾಗ ನಾ ಮುಂದ ನಡೀಬೇಕಾಗಿರಲಿಲ್ಲ. ಈಗ ಎಲ್ಲಾ ಕತ್ತಲಿಗೂ ಮೊದಲ ನಾನ ಹೋಗಬೇಕು," ಎಂದಳು. ತಂಬಿಗೆ, "ಹೋಗು ಹೋಗು, ಹೆದರಬ್ಯಾಡ, ನಾ ಕೇಳಾಕತ್ತೇನಿ," ಎಂದಿತು.

ಶೇಂಗಾ ಕೀಳುವ ದಿನಗಳು. ಒಂದು ಬುಧವಾರ ಆಪಾ ಜಮಖಾನೆ ಹಾಸಿ, ತಂಬಿಗೆ ಇಟ್ಟು, ನನ್ನನ್ನು ಕೇಳಿದರು: "ನಿಮ್ಮ ಕಥ್ಯಾಗ ಒಬ್ಬಾಂವ ಗಂಡಸು ಸಾಯಬಹುದೇನ್ರಿ?"

"ಎಂಥಾ ಗಂಡಸು, ಆಪಾ?"

"ದೊಡ್ಡಾಂವ ಅಲ್ಲ. ರಾಜಾ ಗೀಜಾ ಬ್ಯಾಡ. ಹಾಸು ಹೆಗಲಮ್ಯಾಲೆ ಹಾಕ್ಕೊಂಡು ಸಂತಿಗೆ ಹೋಗಾಂವ. ಬೀಡಿ ಸೇದಾಂವ. ಭಾವ ಮಾಡಾಕ ಬರಲಾರದಾಂವ, ಮೊದಲ ಕೇಳಿದ ದರಕ್ಕ ಕೊಟ್ಟು ಬರಾಂವ."

ಗೌಡಸಾನಿಯ ಮನೆಯ ಎರಡು ಜಮಖಾನೆ ಆಪಾನ ಯಜಮಾನರ ಹೆಗಲ ಮೇಲೇ ಬಂದಿದ್ದವು. ಗೌಡಸಾನಿ ನನ್ನ ಮುಖ ನೋಡಿದರು. ನಾನು ಹೇಳಬೇಕಾಗಲಿಲ್ಲ. ಮೂರು ಸಲ ಅಂಗಳಕ್ಕೆ ಹೋಗಿ ಬಂದ ಆ ಮುಷ್ಟಿಗಳು ಅವರಿಗೂ ನೆನಪಿದ್ದವು.

"ಹಾದಿಯ ಬದಿಗೆ ಒಬ್ಬ ಗಂಡಸು ಮಲಗಿದ್ದಾನೆ," ಎಂದು ಶುರು ಮಾಡಿದೆ. ದನಿ ಒಡೆಯಲಿಲ್ಲ, ಸಿಸ್ಟರ್ ಕೇಳಿದ್ದರೆ ಮೆಚ್ಚುತ್ತಿದ್ದರು. "ಬಾಜು ಹಾಸಿನ ಸುರುಳಿ. ನಿದ್ದೆಯಲ್ಲಿ ಹೋಗಿದ್ದಾನೆ. ಮುಖದ ಮೇಲೆ ಯಾವ ನೋವೂ ಇಲ್ಲ. ಅವನಿಗೆ ಯಾರೂ ಇನ್ನೂ ಮಣ್ಣು ಕೊಟ್ಟಿಲ್ಲ."

ಮಂತ್ರಗಾತಿ ಕುಣಿ ತೋಡಿದಳು. ಆಪಾ ಹೇಳಿದಂತೆ, ಅವರ ಪದ್ಧತಿಯಂತೆ, ಮಲಗಿಸಿ, ಮುಖ ಪಶ್ಚಿಮಕ್ಕೆ ತಿರುಗಿಸಿ. ಗೌಡಸಾನಿ ಯಾವ ಅಪ್ಪಣೆಯನ್ನೂ ಕೊಡಲಿಲ್ಲ. ಆಪಾ ಎದ್ದು ಅಂಗಳಕ್ಕೆ ಹೋದರು. ಇಂಥದೊಂದು ದಿನ ಬಂದೀತೆಂದು ಕನಕಾಂಬರದ ಕುಂಡವನ್ನು ನಾನು ಬೇಕಂತಲೇ ನೀರು ಹಾಕದೆ ಒಣಗಿಸಿಟ್ಟಿದ್ದೆ, ಮಣ್ಣು ಸಡಿಲವಾಗಿತ್ತು. ಮೂರು ಮುಷ್ಟಿ. ಹಳೆಯ ಕಲೆಯ ಬಾಜೂಕೇ ಸುರಿದರು. ಕೈ ಜಾಡಿಸಲಿಲ್ಲ. ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು.

"ಮ್ಯಾಲೆ ನೀರು ಹಾಕ್ತಾರ," ಎಂದರು. "ಹೊಸಾ ಗೋರಿಗೆ. ಹತ್ತರ ನೀರು ಎಲ್ಲಿ ಸಿಗ್ತೇತ್ರಿ ಬಾಯಾರ?"

ನನ್ನ ನಕ್ಷೆಯಲ್ಲಿ ಅಲ್ಲಿ ಕೆರೆಯಿರಲಿಲ್ಲ, ಹಳ್ಳ ಬತ್ತಿತ್ತು. ಬರೆದದ್ದನ್ನು ತಿದ್ದಿ ಒಂದು ಚಿಲುಮೆ ಹರಿಸಬಹುದಿತ್ತು. ಹರಿಸೋಣವೆಂದು ಬಾಯಿ ತೆರೆದೆ ಕೂಡ.

ಗೌಡಸಾನಿ ಬಾಗಿ ತಂಬಿಗೆಯೊಳಗೆ ಮಾತಾಡಿದರು. ಅಷ್ಟು ಮೆಲ್ಲಗೆ ಎಂದೂ ಮಾತಾಡಿರಲಿಲ್ಲ.

"ನನ್ನ ನೀರು ಹಾಕು."

ಆಪಾ ತಿರುಗಿ ನೋಡಿದರು. "ನೀವು ಹೋಗಿಬಿಡ್ತೀರಲ್ರಿ."

"ಹೋಗ್ತೇನಿ. ನಾ ಏನು ಹೊಸಾದಾಗಿ ಸಾಯಾಕತ್ತೇನೇನು? ಕುಣಿಯಾಗ ಭರ್ತಿ ಪದ್ಮಾಸನ ಹಾಕ್ಕೊಂಡು ಕುಂತೇನಿ. ನನಗ ಕೇಳಬೇಕಾಗಿದ್ದು ಕೇಳೇನಿ. ಉಪ್ಪು ನೀರು ಐತಿ, ಅದನ್ನಷ್ಟ ಮಾಫ್ ಮಾಡು ಅಂತ ಹೇಳು ಅವರಿಗೆ. ಹಾಕು ಬೇ. ಪೂರಾ ಹಾಕು."

ಆಪಾ ತಂಬಿಗೆ ಎತ್ತಿದರು. ಬಲಗೈಯ ಬೆರಳುಗಳ ನಡುವಿನಿಂದ ನೀರು ಬಿಟ್ಟರು, ಆ ಕರಿ ಮಣ್ಣಿನ ಮೇಲೆ, ತಲೆಯ ಕಡೆಯಿಂದ ಕಾಲಿನ ಕಡೆಗೆ. ಅವರ ಸ್ವಂತ ಹಾಸು, ಸ್ವಂತ ನೇಯ್ಗೆ, ಬಣ್ಣ ಬಿಟ್ಟರೂ ಬಿಡಲಿ ಎನ್ನುವಂತೆ. ನಾದಿನಿ ಕಣ್ಣು ಮುಚ್ಚಿಕೊಂಡಿದ್ದಳು. ನೀರು ಮಣ್ಣಿನಲ್ಲಿ ಇಂಗುತ್ತಿತ್ತು, ಹೊಸ ಮಳೆಯ ಹಾಗೆ ವಾಸನೆ ಬಂತು.

ಪೂರಾ ಹಾಕಲಿಲ್ಲ. ತಂಬಿಗೆಯನ್ನು ನೆಟ್ಟಗೆ ಮಾಡಿ ಒಳಗೆ ಇಣುಕಿ ನೋಡಿದರು. ಆಮೇಲೆ ಸೆರಗಿನಿಂದ ಅದರ ಬಾಯಿ ಮುಚ್ಚಿ ಮತ್ತೆ ತೊಡೆಯ ಬಾಜು ಇಟ್ಟುಕೊಂಡರು.

"ಯಾಕ ನಿಲ್ಲಿಸಿದಿ?" ಎಂದರು ಗೌಡಸಾನಿ.

"ಅವರಿಗೆ ಸಾಕಾತ್ರಿ. ತಳದಾಗ ಚೂರು ಉಳಿಸೇನಿ."

"ಎಷ್ಟು?"

"ನೀವು ಬಯ್ಯಾಕ ಸಾಲುವಷ್ಟು."